ಹಳೆ ಬಟ್ಟೆ, ಹೊಸ ಕೌದಿ

ಮಳಗಿಯಲ್ಲಿ ಮಳೆ ಹಿಡಿದು, ಧರ್ಮಾ ಜಲಾಶಯ ತುಂಬುತ್ತ ಬಂತೆಂದರೆ ನನಗೆ ಕೌದಿಯ ಕಾಲ. ಗಂಟು ಬಿಚ್ಚಿದರೆ ಸವೆದ ಇಳಕಲ್ ಸೆರಗು, ಖಣದ ರವಿಕೆಯ ತೋಳು, ಬಣ್ಣ ಮಾಸಿದ ಲುಂಗಿ, ಶಾಲೆ ಮಕ್ಕಳ ನೀಲಿ ಅಂಗಿ. ಒಂದೂ ಹೊಸದಲ್ಲ, ಎಲ್ಲವೂ ಯಾರೋ ಉಟ್ಟು ಒಗೆದು ಹರಿದದ್ದೇ. ಹಾಗೆ ಮೆತ್ತಗಾದ ಬಟ್ಟೆಯಲ್ಲಿ ಸೂಜಿ ಇಳಿಯುವ ಸುಖ ಅಂಗಡಿಯ ಬಟ್ಟೆಯಲ್ಲಿ ಸಿಗುವುದೇ ಇಲ್ಲ.

ಹೇಳುವುದನ್ನೆಲ್ಲ ಹಿಂದಿನವರೇ ಹೇಳಿಬಿಟ್ಟರು, ನಮ್ಮದು ಅಂತ ಏನು ಉಳಿಯಿತು ಎಂದು ಬರೆಯುವ ಗೆಳೆಯರು ಕೊರಗುವುದುಂಟು. ಅವರನ್ನು ಸಿದ್ದಿ ಹೆಂಗಸರ ಕೌದಿಯ ಮುಂದೆ ಕೂರಿಸಬೇಕು ಅನಿಸುತ್ತದೆ. ಪೋರ್ಚುಗೀಸರು ಗೋವಾಕ್ಕೆ ತಂದ ಆಫ್ರಿಕನ್ನರಲ್ಲಿ ತಪ್ಪಿಸಿಕೊಂಡು ನಮ್ಮ ಸುತ್ತಲಿನ ಕಾಡು ಸೇರಿದವರ ಸಂತತಿ ಅವರು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಹಳ್ಳಿಗಳಲ್ಲಿದ್ದಾರೆ. ಅವರ ಕೌದಿಗೆ ಮೊದಲೇ ಬರೆದುಕೊಂಡ ನಕ್ಷೆಯಿಲ್ಲ. ಅಡಿಗೆ ಒಂದು ಸೀರೆ ಹಾಸಿ, ಅಂಚಿನಿಂದ ಶುರುಮಾಡಿ, ತುಂಡಿನ ತುದಿ ಮಡಚುತ್ತ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಹಸಿರಿನ ಪಕ್ಕ ಕೆಂಪೋ ಹಳದಿಯೋ, ಅದು ಆ ಗಳಿಗೆಗೆ ಕೈಗೆ ಹೊಳೆಯಬೇಕು. ಕ್ರೈಸ್ತರ ಮನೆಯದಾದರೆ ಶಿಲುಬೆ ಬರಬಹುದು, ಮುಸ್ಲಿಮರದಾದರೆ ಅರ್ಧಚಂದ್ರ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಾಡಿದ ‘ಫುಲ’ ಕೂರದೆ ಕೌದಿ ಮುಗಿಯುವುದಿಲ್ಲ. ರೂಢಿ ಇಷ್ಟು ಗಟ್ಟಿಯಿದ್ದೂ ಒಂದರಂತೆ ಇನ್ನೊಂದಿಲ್ಲ. ಸ್ವಂತಿಕೆ ಬಟ್ಟೆಯಲ್ಲಿ ಇರುವುದಲ್ಲ. ಯಾವುದರ ಪಕ್ಕ ಯಾವುದನ್ನು ಇಟ್ಟೆವು ಎಂಬುದರಲ್ಲಿದೆ.

ರನ್ನ ಮಾಡಿದ್ದೂ ಇದನ್ನೇ. ಪಂಪನ ಭಾರತದ ಹದಿಮೂರನೆಯ ಆಶ್ವಾಸದಲ್ಲಿ ಬರುವ ಕಥೆಯನ್ನೇ ಎತ್ತಿಕೊಂಡು ಗದಾಯುದ್ಧವನ್ನು ಕಟ್ಟಿದ. ಪಂಪನ ಮಾತುಗಳ ನೆರಳೂ ಅಲ್ಲಲ್ಲಿ ಬಿದ್ದಿದೆ. ಆದರೂ ಆ ದುರ್ಯೋಧನನ ದುಃಖ ರನ್ನನದೇ. ಅದನ್ನು ಎರವಲು ಎನ್ನಲು ನನಗೆ ಬಾಯಿ ಬರುವುದಿಲ್ಲ.

1966ರಿಂದ ಮುಂಡಗೋಡದಲ್ಲಿ ಟಿಬೆಟನ್ನರು ನೆಲೆಸಿದ್ದಾರೆ. ಅವರ ಥಾಂಗ್ಕಾ ಚಿತ್ರದ ಕಟ್ಟುಪಾಡಂತೂ ಕೌದಿಯ ರೂಢಿಗಿಂತ ಇನ್ನೂ ಬಿಗಿ. ಬುದ್ಧನ ಮುಖ, ತೋಳು, ಕಾಲು ಎಲ್ಲಕ್ಕೂ ಅಳತೆಯ ಗೆರೆ ಹಾಕಿಯೇ ಶುರು. ಕಲಾವಿದ ಹೆಸರು ಬರೆಯದಿರುವುದೇ ಹಳೆಯ ರೂಢಿ. ಹಿನ್ನೆಲೆಯ ಮೋಡ, ನೀರು, ಎಲೆಗಳಿಗೆ ಬಂದಾಗ ಮಾತ್ರ ಕೈ ಸಡಿಲವಾಗುತ್ತದೆ. ನಾನು ಥಾಂಗ್ಕಾ ನೋಡುವಾಗ ಮೋಡಗಳನ್ನೇ ಹೆಚ್ಚು ಹೊತ್ತು ನೋಡುತ್ತೇನೆ.

ನನ್ನ ಕೌದಿ ಮೆಚ್ಚಿದವರು “ಇಂಥದೇ ಇನ್ನೊಂದು ಹೊಲಿದು ಕೊಡ್ರಿ” ಅನ್ನುತ್ತಾರೆ. ಆಸೆಯಿಂದಲೇ ಕೂರುತ್ತೇನೆ. ಆದರೆ ಆ ಸೆರಗು ಮುಗಿದಿರುತ್ತದೆ. ಗಂಟಿನಲ್ಲಿ ಬೇರೆ ಯಾರದೋ ಲಂಗ ಬಂದಿರುತ್ತದೆ. ಎರಡನೇ ಸುತ್ತಿಗೆ ಬರುವಷ್ಟರಲ್ಲಿ ಆ ಲಂಗದ ನೇರಳೆ ಬಣ್ಣ ತನ್ನ ಪಕ್ಕಕ್ಕೆ ಏನು ಬೇಕೆಂದು ಕೇಳತೊಡಗುತ್ತದೆ. ನಾನು ಅದರ ಮಾತು ಕೇಳುತ್ತೇನೆ.