ಮೂರನೆಯ ಅಧ್ಯಾಯ ಯಾಕೆ ಬಂದಿಲ್ಲ



ಕಳೆದ ಎರಡು ಸಂಚಿಕೆಗಳಲ್ಲಿ ಇದೇ ಜಾಗದಲ್ಲಿ ನನ್ನ ‘ಕರಿ ಕಡತದ ರಹಸ್ಯ’ ಕಾದಂಬರಿಯ ಎರಡು ಅಧ್ಯಾಯ ಓದಿದಿರಿ. ಮೂರನೆಯದು ಎಲ್ಲಿ ಅಂತ ದಿನಾ ಕೇಳ್ತಿದೀರಿ. ಬರೆದಾಗಿದೆ, ಆದರೆ ಅಂಟಿಸಲು ಕೊಡಲಿಲ್ಲ. ಯಾಕೆ ಅಂತ ಹೇಳಲೇಬೇಕು.

ಹೋದ ವರ್ಷ ನಗರದ ಕೋಟೆಗೆ ಹೋಗಿದ್ದೆವಲ್ಲ, ಅಲ್ಲಿಂದ ಇದು ಶುರು. ನೀವೆಲ್ಲ ಚಿತ್ರಾನ್ನ ತಿನ್ನುತ್ತಿದ್ದಾಗ ನಾನು ಸಮಾಜ ಮೇಷ್ಟ್ರ ಹಿಂದೆ ತಿರುಗುತ್ತಿದ್ದೆ. ಆಗ ಇದು ಬಿದನೂರು, ಕೆಳದಿ ಅರಸರ ರಾಜಧಾನಿ. ಶಿವಪ್ಪ ನಾಯಕನ ಮಗ ಸೋಮಶೇಖರ ನಾಯಕ ಕಲಾವತಿ ಎಂಬ ನರ್ತಕಿಗೆ ಮನಸೋತನಂತೆ. ಅವಳ ಸಾಕುತಂದೆ ಭರಮೆ ಮಾವುತ ಮದ್ದು ಹಾಕಿ, ಮಾಟ ಮಾಡಿ ರಾಜನ ಬುದ್ಧಿ ಕೆಡಿಸಿದ ಅಂತ ಕಥೆ. 1671ರಲ್ಲಿ ರಾಜನ ಕೊಲೆಯಾಯಿತು, ರಾಣಿ ಚೆನ್ನಮ್ಮ ಪಟ್ಟಕ್ಕೆ ಬಂದಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು ಇವಳೇ. ಪರೀಕ್ಷೆಗೆ ಬರೋದು ಚೆನ್ನಮ್ಮ. ನನ್ನ ತಲೆಯಲ್ಲಿ ಕೂತಿದ್ದು ಭರಮೆ!

ಇಂಥ ಕಥೆಗೆ ಇಂಗ್ಲಿಷಿನಲ್ಲಿ ಗೋಥಿಕ್ ಅಂತಾರೆ ಎಂದು ಇಂಗ್ಲಿಷ್ ಮೇಡಂ ಹೇಳಿದರು. ಹಾಳು ಕೋಟೆ, ಕತ್ತಲೆ, ಹಿರಿಯರು ಮಾಡಿದ ಪಾಪ, ಇವು ಇರಬೇಕಂತೆ. 1764ರಲ್ಲಿ ಹೊರೇಸ್ ವಾಲ್‌ಪೋಲ್ ಎಂಬಾತ ಒಟ್ರಾಂಟೊ ಕೋಟೆಯ ಕಥೆ ಬರೆದ. ಮದುವೆಯ ದಿನವೇ ಆನೆಗಾತ್ರದ ಶಿರಸ್ತ್ರಾಣವೊಂದು ಬಿದ್ದು ಮದುಮಗ ಸಾಯುತ್ತಾನೆ. ಆದರೆ ಇದು ತನ್ನದು ಅಂತ ಆತ ಹೇಳಲಿಲ್ಲ. 1529ರಲ್ಲಿ ನೇಪಲ್ಸಿನಲ್ಲಿ ಅಚ್ಚಾದ ಹಳೇ ಇಟಾಲಿಯನ್ ಪುಸ್ತಕದ ಅನುವಾದ ಅಂತ ಸುಳ್ಳು ಹೇಳಿದ. ಮರುವರ್ಷ ಎರಡನೇ ಮುದ್ರಣದಲ್ಲಿ ಒಪ್ಪಿಕೊಂಡ. ನನಗೆ ಆ ಸುಳ್ಳು ಬಹಳ ಹಿಡಿಸಿತು. ಒಪ್ಪಿಕೊಂಡಿದ್ದನ್ನು ಮರೆತುಬಿಟ್ಟೆ.

ನಮ್ಮ ಅಟ್ಟದಲ್ಲಿ ಒಂದು ಕಡತ ಇದೆ. ನೋಡಿರದವರಿಗೆ ಹೇಳುತ್ತೇನೆ: ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿರುತ್ತಾರೆ. ಕಪ್ಪು ಹಾಳೆ, ಬಳಪದ ಬಿಳಿ ಅಕ್ಷರ. ಬೇಡವಾದರೆ ಅಳಿಸಿ ಮತ್ತೆ ಬರೆಯಬಹುದು. ಚಿಮಣಿ ಬೆಳಕಿನಲ್ಲಿ ನೋಡಿದರೆ ಯಾರಿಗೂ ಎದೆ ಝಲ್ಲೆನ್ನಬೇಕು. ಅದನ್ನೇ ಭರಮೆಯ ಮಂತ್ರದ ಪುಸ್ತಕ ಮಾಡಿದೆ. ಎರಡನೇ ಅಧ್ಯಾಯದ ಕೊನೆಗೆ, “ಇದು ಕಟ್ಟುಕಥೆಯಲ್ಲ, ಆ ಕಡತ ಇಂದಿಗೂ ನಮ್ಮಜ್ಜಿಯ ವಶದಲ್ಲಿದೆ” ಅಂತ ಕೆಂಪು ಶಾಯಿಯಲ್ಲಿ ಬರೆದೆ. ಮಂತ್ರ ಎಲ್ಲಿಂದ ತಂದೆ ಅಂತೀರಾ? ವಿಭಕ್ತಿ ಪ್ರತ್ಯಯಗಳನ್ನು ಹಿಂದುಮುಂದು ಬರೆದಿದ್ದೆ: “ಅಲ್ಲಿ, ಅ, ದೆಸೆಯಿಂದ, ಗೆ, ಇಂದ, ಅನ್ನು, ಉ!” ಒಬ್ಬರಿಗಾದರೂ ಗೊತ್ತಾಗಲಿಲ್ಲ. ಕನ್ನಡ ಮೇಷ್ಟ್ರು ಕ್ಷಮಿಸಬೇಕು, ಅವರಿಗೂ ಗೊತ್ತಾಗಲಿಲ್ಲ.

ಆಮೇಲೆ ಆಗಿದ್ದು ಕೇಳಿ. ಒಂದು ಸಂಜೆ ಕೆಳಗಿನ ಕೇರಿಯಿಂದ ಒಬ್ಬರು ಬಂದು, “ಅಮ್ಮಾ, ಆ ಪುಸ್ತಕ ತೆಗೆದು ನಮ್ಮ ಸೊಸೆಗೆ ಯಾರು ಮಾಡಿಸಿದ್ದು ನೋಡಿ ಹೇಳಿ” ಅಂದರು. ಅಜ್ಜಿಗೆ ತಲೆಬುಡ ತಿಳಿಯಲಿಲ್ಲ, ಮಜ್ಜಿಗೆ ಕೊಟ್ಟು ಕಳಿಸಿದಳು. ಅವರು ಮಜ್ಜಿಗೆ ಕುಡಿಯದೆ ಲೋಟ ಜಗಲಿ ಮೇಲಿಟ್ಟು ಹೋಗಿದ್ದರು.

ನಮ್ಮಜ್ಜಿ ಮಕ್ಕಳಿಗೆ ಬಜೆ ತೇಯ್ದು ಕೊಡ್ತಾಳೆ, ಬಾಣಂತಿ ಮನೆಯ ಕೂಸುಗಳಿಗೆ ಎಣ್ಣೆ ಹಚ್ಚಿ ನೀರು ಹಾಕ್ತಾಳೆ. ಇದನ್ನು ಓದುತ್ತಿರುವವರಲ್ಲಿ ಅರ್ಧ ಜನ ಅವಳ ಕಾಲ ಮೇಲೆ ಮಲಗಿ ಅತ್ತವರೇ. ಊರವರು “ಅಜ್ಜಿ ಮದ್ದು ಕೊಡ್ತಾರೆ” ಅನ್ನುತ್ತಿದ್ದರು. ಈಗ “ಮದ್ದು ಹಾಕ್ತಾರಂತೆ” ಅಂತ ಆಯಿತು. ಮದ್ದು ಅದೇ, ಕೊಡುವುದು ಹೋಗಿ ಹಾಕುವುದು ಬಂತು. ತಿರುವಿನ ಆಚೆ ಮನೆಯ ಕೂಸನ್ನು ತರುವುದು ನಿಂತಿತು. ಅಜ್ಜಿ ನಾಲ್ಕು ದಿನ ಹಂಡೆ ನೀರು ಕಾಯಿಸಿಕೊಂಡು ಬಚ್ಚಲ ಬಾಗಿಲಲ್ಲಿ ಕೂತಿದ್ದಳು. ಐದನೇ ದಿನ ಒಲೆ ಹಚ್ಚಲಿಲ್ಲ.

ಆವತ್ತು ರಾತ್ರಿ ಹೇಳಿಬಿಟ್ಟೆ.

“ನನ್ನ ಹೆಸರು ಹಾಕಿದೀಯನೇ ಪುಟ್ಟೀ?”

“ಇಲ್ಲ ಅಜ್ಜಿ, ನಮ್ಮಜ್ಜಿ ಅಂತ ಅಷ್ಟೇ.”

“ನಿಂಗೆ ಎಷ್ಟು ಜನ ಅಜ್ಜಿ ಅಂತ ಊರಿಗೆ ಗೊತ್ತಿಲ್ವನೇ?” ಅಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಭಾನುವಾರ ಸಮಾಜ ಮೇಷ್ಟ್ರು ನಮ್ಮನೆಗೆ ಬಂದು, ಕಡತವನ್ನು ಜಗಲಿಯಲ್ಲಿ ಬಿಡಿಸಿ ಗಟ್ಟಿಯಾಗಿ ಓದಿದರು. ಇಷ್ಟು ಮಣ ಅಡಿಕೆ, ಇಷ್ಟು ಖಂಡುಗ ಭತ್ತ, ಇಂಥವರಿಗೆ ಇಷ್ಟು ರೂಪಾಯಿ ಸಾಲ. ಮುಗಿಯಿತು. ಮುತ್ತಜ್ಜನ ಲೆಕ್ಕ. ಕೆಲವು ಕಡೆ ಕೂಡಿಸಿದ್ದೂ ತಪ್ಪಿದೆ ಅಂತ ಮೇಷ್ಟ್ರು ನಕ್ಕರು.

ಮೂರನೇ ಅಧ್ಯಾಯದಲ್ಲಿ ಭರಮೆ ನಡುರಾತ್ರಿ ಅಕ್ಕ-ತಂಗಿ ಕೊಳದ ದಂಡೆಯಲ್ಲಿ ಮಾಟದ ಗೊಂಬೆಗೆ ಮುಳ್ಳು ಚುಚ್ಚುತ್ತಾನೆ. ನಾನು ಬರೆದದ್ದರಲ್ಲಿ ಅದೇ ಚೆನ್ನಾಗಿರೋದು, ಸುಳ್ಳು ಯಾಕೆ ಹೇಳಲಿ. ಆದರೆ ಈಗ ಓದಿದರೆ ಬೇರೆ ಏನೋ ಕಾಣುತ್ತೆ. ಮಾವುತ ಅಂದಮೇಲೆ ಆನೆಗೆ ಸೊಪ್ಪು, ಬೇರು ಅರೆದು ಕೊಟ್ಟು ಗೊತ್ತಿದ್ದವನೇ ಇರಬೇಕು. ರಾಜ ಕಾಯಿಲೆ ಬಿದ್ದಾಗ ಅವನು ಕೊಟ್ಟನೋ, ಹಾಕಿದನೋ? ಅವನ ಕೈಯಿಂದಲೂ ಯಾರಾದರೂ ಲೋಟ ತೆಗೆದುಕೊಳ್ಳದೆ ಹೋಗಿರಬಹುದೋ? ಕಾದಂಬರಿ ಬಿಡುವುದಿಲ್ಲ. ಆ ಅಧ್ಯಾಯವನ್ನು ಭರಮೆಯ ಮನೆಯೊಳಗಿಂದ ಮತ್ತೆ ಬರೆಯುತ್ತಿದ್ದೇನೆ. ಮುಂದಿನ ಸಂಚಿಕೆಗೆ ಆಗುತ್ತದೋ ಇಲ್ಲವೋ.

ಕಡತ ಈಗ ಅಟ್ಟದಲ್ಲಿಲ್ಲ, ಜಗಲಿಯಲ್ಲಿದೆ. ಯಾರು ಬೇಕಾದರೂ ಬಂದು ಮುಟ್ಟಿ ನೋಡಬಹುದು. ತಿರುವಿನ ಆಚೆ ಮನೆಯ ಕೂಸಿನ ಅಕ್ಕ ನಮ್ಮ ತರಗತಿಯಲ್ಲೇ ಇದ್ದಾಳೆ. ನೀನು ಇದನ್ನು ಓದುತ್ತೀ ಅಂತ ಗೊತ್ತು. ಮನೆಯಲ್ಲಿ ಅಮ್ಮನಿಗೂ ಹೇಳು. ನಾಳೆಯಿಂದ ಒಲೆ ನಾನೇ ಹಚ್ಚುತ್ತೇನೆ, ಏಳು ಗಂಟೆಗೆ ನೀರು ಕಾದಿರುತ್ತೆ.