ಅಂಗಾಲಿಗೆ ಕಾಣುವ ದಾರಿ

ಜಪಾನಿನ ಒಕಾಯಾಮ ನಗರಕ್ಕೆ ಹೋದ ಪ್ರವಾಸಿಗರು ಮೊದಲು ಅರಸುವುದು ಅಲ್ಲಿನ ಕರಿಯ ಕೋಟೆಯನ್ನು. ಬಳಿಕ, ಅಸಾಹಿ ನದಿಯ ನಡುಗಡ್ಡೆಯಲ್ಲಿರುವ ಕೊರಾಕುಎನ್ ಉದ್ಯಾನವನ್ನು. ಇವೆರಡೂ ಕಣ್ಣಿಗೆ ಹಬ್ಬ. ಆದರೆ ನದಿಯನ್ನು ದಾಟಿ ಪೂರ್ವಕ್ಕೆ ನಡೆದರೆ, ಹರಾಓಜಿಮ ಎಂಬ ಬಡಾವಣೆಯಲ್ಲಿ, ಪಾದಗಳೇ ನೋಡಬೇಕಾದ ತಾಣವೊಂದಿದೆ. ಅದು ಬರಿಯ ಒಂದು ಕೂಡುರಸ್ತೆ.

ಈ ಊರಿನ ಮಿಯಾಕೆ ಸೇಯಿಚಿಯವರು ವಸತಿಗೃಹವೊಂದನ್ನು ನಡೆಸುತ್ತಿದ್ದವರು. ಹೊಸತನ್ನು ರೂಪಿಸುವ ಹವ್ಯಾಸವುಳ್ಳವರು. ಬಿಳಿಕೋಲು ಹಿಡಿದ ಅಂಧರೊಬ್ಬರು ರಸ್ತೆ ದಾಟುವಾಗ, ತಾಕೀತೋ ಎಂಬಂತೆ ವಾಹನವೊಂದು ಹಾದುಹೋದ ದೃಶ್ಯ ಅವರ ಮನಸ್ಸನ್ನು ಕಲಕಿತು. ಪಾಚಿ ಮುಗಿದು ಮಣ್ಣು ತೊಡಗುವ ಎಡೆಯು ಪಾದರಕ್ಷೆಯ ಮೂಲಕವೇ ತಿಳಿಯುತ್ತದೆಂದು ದೃಷ್ಟಿಹೀನರಾಗಿದ್ದ ಸ್ನೇಹಿತರೊಬ್ಬರು ಅವರಿಗೆ ಹೇಳಿದ್ದುಂಟು. ಇವೆರಡೂ ಕೂಡಿ 1965ರಲ್ಲಿ ಉಬ್ಬುಬೊಟ್ಟುಗಳ ಕಾಂಕ್ರೀಟ್ ಹಾಸುಗಲ್ಲು ಹುಟ್ಟಿತು. 1967ರ ಮಾರ್ಚ್ 18ರಂದು, ಅಂಧರ ಶಾಲೆಯ ಸಮೀಪದ ಈ ಕೂಡುರಸ್ತೆಯಲ್ಲಿ ಅಂತಹ 230 ಕಲ್ಲುಗಳನ್ನು ಹಾಸಲಾಯಿತು. ಲೋಕದಲ್ಲಿ ಅದೇ ಮೊದಲು.

ಇಂದು ಈ ಹಾದಿಯ ಲಿಪಿಯಲ್ಲಿ ಅಕ್ಷರಗಳು ಎರಡೇ. ಉದ್ದನೆಯ ಗೆರೆಗಳು ಕಾಲಿಗೆ ತಾಕಿದರೆ ‘ನಡೆ’; ಗುಂಡನೆಯ ಬೊಟ್ಟುಗಳು ತಾಕಿದರೆ ‘ಎಚ್ಚರ, ನಿಲ್ಲು’. ಹಳದಿಯ ಬಣ್ಣವಿರುವುದು ಮಂದದೃಷ್ಟಿಯವರಿಗಾಗಿ. ಇದೇ ಲಿಪಿ ಬೆಂಗಳೂರಿನ ಮೆಟ್ರೋ ನಿಲ್ದಾಣಗಳ ನೆಲದ ಮೇಲೂ ಇದೆ. ದಿನವೂ ಅದನ್ನು ತುಳಿಯುವವರಲ್ಲಿ ಓದಬಲ್ಲವರು ಎಷ್ಟು ಮಂದಿಯೋ!

ಆದರೆ ಎಲ್ಲವನ್ನೂ ನೆಲವೇ ಹೇಳಲಾರದು. ತಲೆಯ ಮಟ್ಟಕ್ಕೆ ಬಾಗಿದ ಕೊಂಬೆ ಕಾಲಿಗೂ ಸಿಕ್ಕದು, ಕೋಲಿಗೂ ಸಿಕ್ಕದು. ಈ ಕೊರತೆಯನ್ನು ತುಂಬಲೆಂದು ದೆಹಲಿಯ ಐ.ಐ.ಟಿ.ಯಲ್ಲಿ ರೂಪುಗೊಂಡು 2014ರಲ್ಲಿ ಬಳಕೆಗೆ ಬಂದ ‘ಸ್ಮಾರ್ಟ್‌ಕೇನ್’ ಎಂಬ ಸಾಧನವನ್ನು ಬಿಳಿಕೋಲಿಗೆ ಜೋಡಿಸುತ್ತಾರೆ. ಅದು ಬಾವಲಿಯಂತೆ ನಮ್ಮ ಕಿವಿಗೆ ಕೇಳದ ಶಬ್ದವನ್ನು ಹೊರಡಿಸಿ, ಅದರ ಮರುದನಿಯಿಂದ ಮೂರು ಮೀಟರಿನೊಳಗಿನ ಅಡ್ಡಿಯನ್ನು ಅರಿತು, ಹಿಡಿಯ ಕಂಪನದಿಂದ ಕೈಗೆ ತಿಳಿಸುತ್ತದೆ. ಅಂಗಾಲಿಗೊಂದು ಸುಳಿವು, ಅಂಗೈಗೊಂದು ಸುಳಿವು. ಇವೆರಡಿದ್ದರೆ ಇನ್ನೊಬ್ಬರ ತೋಳಿಗೆ ಕಾಯದೆ ಮನೆಯಿಂದ ಹೊರಡುವ ಧೈರ್ಯ ಬರುತ್ತದೆ.

ಆ ಧೈರ್ಯವನ್ನು ಕೆಡಿಸಲು ಒಂದು ಸೈಕಲ್ಲು ಸಾಕು. ಹಳದಿ ಪಟ್ಟಿಯ ಮೇಲೆ ಅದು ನಿಂತಿದ್ದರೆ, ಕೋಲೇನೋ ಎಚ್ಚರಿಸೀತು; ಆದರೆ ಅದನ್ನು ಸುತ್ತಿ ಹೋದವರಿಗೆ ಪಟ್ಟಿಯೇ ಕೈತಪ್ಪೀತು. ಸೈಕಲ್ಲನ್ನು ಅಲ್ಲಿ ನಿಲ್ಲಿಸಿದವರಾದರೋ ಕಣ್ಣುಳ್ಳವರೇ!

ಮಿಯಾಕೆಯವರು 1982ರಲ್ಲಿ ತೀರಿಕೊಂಡರು. ಈ ಹಾದಿಯ ಹುಟ್ಟೂರು ಇದೆಂದು ಸಾರುವ ನೆನಪಿನ ಕಲ್ಲೊಂದು ಹರಾಓಜಿಮದ ಕೂಡುರಸ್ತೆಯಲ್ಲಿದೆ. ಅದನ್ನು ನೋಡುವುದಕ್ಕೆ ಕಣ್ಣು ಬೇಕು. ಅವರ ನಿಜವಾದ ಸ್ಮಾರಕಕ್ಕೆ ಕಣ್ಣು ಬೇಡ. ಅದು ಕಾಲಡಿಯಲ್ಲೇ ಇದೆ.