ಬಾಡಿಗೆಯ ವಿಮಾನ

ಮದುವೆಯ ಮನೆಯವರು ಕೆಲವು ವೇಳೆ ಪಾತ್ರೆಗಳನ್ನು ಮಾತ್ರ ಬಾಡಿಗೆಗೆ ತರುವರು. ಅಡಿಗೆಯು ತಮ್ಮ ಜನರದೇ. ಮತ್ತೆ ಕೆಲವು ವೇಳೆ ಭಟ್ಟರೇ ತಮ್ಮ ಪಾತ್ರೆಗಳೊಡನೆಯೂ ಪರಿಚಾರಕರೊಡನೆಯೂ ಬಂದಿಳಿಯುವರು. ಮನೆಯವರು ದಿನಸಿಯನ್ನೂ ಸ್ಥಳವನ್ನೂ ಒದಗಿಸಿದರೆ ಸಾಕು. ವಿಮಾನದ ಕಂಪೆನಿಗಳಲ್ಲಿಯೂ ಈ ಎರಡು ಬಗೆಯ ಬಾಡಿಗೆಯುಂಟು. ಬರಿಯ ವಿಮಾನವನ್ನು ಪಡೆದು ತಮ್ಮವರಿಂದ ಹಾರಿಸಿದರೆ ಅದು ಡ್ರೈ ಲೀಸ್. ವಿಮಾನ, ಸಿಬ್ಬಂದಿ, ದುರಸ್ತಿ, ವಿಮೆ ಈ ನಾಲ್ಕೂ ಒಡೆಯನ ಕಡೆಯಿಂದಲೇ ಬಂದರೆ ಅದು ವೆಟ್ ಲೀಸ್. ಆಗ ಇಂಧನದ ವೆಚ್ಚ, ನಿಲ್ದಾಣದ ಶುಲ್ಕ, ಟಿಕೆಟಿನ ಮಾರಾಟ ಇವು ಬಾಡಿಗೆ ಹಿಡಿದವರ ಪಾಲಿಗೆ. ಪೈಲಟರು ಒಡೆಯನವರಾಗಿ, ಒಳಗಿನ ಪರಿಚಾರಕರು ಬಾಡಿಗೆ ಹಿಡಿದವರ ಕಡೆಯವರಾಗಿದ್ದರೆ ಅದನ್ನು ಡ್ಯಾಂಪ್ ಲೀಸ್ ಎನ್ನುವರು.

ಇದು ಅಪರೂಪದ ಸಂಗತಿಯೇನೂ ಅಲ್ಲ. ಎಂಜಿನುಗಳ ದೋಷದಿಂದ ತನ್ನ ವಿಮಾನಗಳು ನೆಲದಲ್ಲಿ ನಿಂತಾಗ ನಾರ್ವೇಜಿಯನ್ ಕಂಪೆನಿಯು 2018ರ ಆಗಸ್ಟಿನಲ್ಲಿ ಪೋರ್ಚುಗಲ್ಲಿನ ಹೈ ಫ್ಲೈ ಕಂಪೆನಿಯ ಎರಡಂತಸ್ತಿನ ಏರ್‌ಬಸ್ ಎ380 ವಿಮಾನವನ್ನು ಪಡೆದು ಲಂಡನ್ನಿಗೂ ನ್ಯೂಯಾರ್ಕಿಗೂ ನಡುವೆ ಹಾರಿಸಿತು. ನಮ್ಮ ದೇಶದ ಇಂಡಿಗೋ 2025ರ ಮಾರ್ಚಿಯಲ್ಲಿ ನಾರ್ಸ್ ಅಟ್ಲಾಂಟಿಕ್ ಕಂಪೆನಿಯ ಬೋಯಿಂಗ್ 787 ವಿಮಾನವನ್ನು ಡ್ಯಾಂಪ್ ಲೀಸಿನಲ್ಲಿ ಪಡೆದು ದೆಹಲಿಯಿಂದ ಬ್ಯಾಂಕಾಕಿಗೆ ಹಾರಿಸತೊಡಗಿತು. ಇದರಲ್ಲಿ ಮೋಸವಿಲ್ಲ. ಆದರೆ ಹೇಳದೆ ಮಾಡಿದರೆ ಪ್ರಯಾಣಿಕನು ದಿಗಿಲುಗೊಳ್ಳುವನು.

ಈಚೆಗೆ ನಮ್ಮ ಅಕ್ಕನವರು ಮಗಳ ಬಾಣಂತನಕ್ಕೆಂದು ಒಬ್ಬರೇ ಪರದೇಶಕ್ಕೆ ಹೊರಟರು. ನಡುವೆ ವಿಮಾನ ಬದಲಿಸುವ ಊರಿನಲ್ಲಿ ನೋಡಿದರೆ, ಎದುರಿಗೆ ನಿಂತ ವಿಮಾನದ ಬಣ್ಣ ಬೇರೆ, ಹೆಸರು ಬೇರೆ, ಸಿಬ್ಬಂದಿಯ ಉಡುಪೂ ಬೇರೆ. “ಇದು ನಮ್ಮದಲ್ಲ” ಎಂದು ಅವರು ಸಾಲನ್ನು ಬಿಟ್ಟು ಹಿಂದೆ ಸರಿದು ನಿಂತರಂತೆ. ಕನ್ನಡ ಬಲ್ಲ ಹುಡುಗನೊಬ್ಬನು ಟಿಕೆಟಿನ ಸಂಖ್ಯೆಯನ್ನು ಓದಿ ಹೇಳಿರದಿದ್ದರೆ ಅಲ್ಲಿಯೇ ಉಳಿಯುತ್ತಿದ್ದರು. ಇಳಿದ ಮೇಲೆ ಪೆಟ್ಟಿಗೆಯ ಹಿಡಿ ಮುರಿದಿತ್ತು. ಕೇಳಿದರೆ ಇವರು ಅವರನ್ನು ತೋರಿಸಿದರು, ಅವರು ಇವರನ್ನು. ನಾವು ಟಿಕೆಟು ಮಾರಿದ ಕಂಪೆನಿಗೇ ಏಳು ದಿನಗಳೊಳಗಾಗಿ ಬರೆದೆವು, ಹಣ ಬಂದಿತು.

ಅದೇಕೆ ಹಾಗೆ? ಸಾರು ಕೆಟ್ಟರೆ ಅತಿಥಿಯು ಭಟ್ಟರ ಮನೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕರೆದವರೇ ಉತ್ತರ ಹೇಳಬೇಕು. ಭಾರತವು 2009ರಲ್ಲಿ ಸೇರಿದ 1999ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ, ಟಿಕೆಟಿನ ಕರಾರು ಮಾಡಿಕೊಂಡ ಕಂಪೆನಿಯನ್ನಾಗಲಿ ವಿಮಾನ ಹಾರಿಸಿದ ಕಂಪೆನಿಯನ್ನಾಗಲಿ ಪ್ರಯಾಣಿಕನು ಕೇಳಬಹುದು. ಪೆಟ್ಟಿಗೆ ಕೆಟ್ಟಿದ್ದರೆ ಕೈಸೇರಿದ ಏಳು ದಿನಗಳಲ್ಲಿ, ತಡವಾಗಿ ಬಂದಿದ್ದರೆ ಇಪ್ಪತ್ತೊಂದು ದಿನಗಳಲ್ಲಿ ಬರೆದು ದೂರಬೇಕು. ಯೂರೋಪಿನಲ್ಲಿ ವಿಮಾನ ತಡವಾದುದಕ್ಕೆ ಕೊಡುವ ಪರಿಹಾರದ ಮಾತು ಬೇರೆ. ಹ್ಯಾಂಬರ್ಗಿನಿಂದ ಕಾನ್‌ಕುನ್ನಿಗೆ ಹೊರಟಿದ್ದವರ ವ್ಯಾಜ್ಯದಲ್ಲಿ ಅಲ್ಲಿಯ ನ್ಯಾಯಾಲಯವು 2018ರ ಜುಲೈಯಲ್ಲಿ, ವಿಮಾನವನ್ನೂ ಸಿಬ್ಬಂದಿಯನ್ನೂ ಬಾಡಿಗೆಗೆ ಕೊಟ್ಟವರು ಆ ಪರಿಹಾರಕ್ಕೆ ಹೊಣೆಯಲ್ಲ, ಬಾಡಿಗೆ ಹಿಡಿದು ಪ್ರಯಾಣವನ್ನು ಏರ್ಪಡಿಸಿದ ಕಂಪೆನಿಯೇ ಹೊಣೆ ಎಂದು ತೀರ್ಪಿತ್ತಿತು.

ಚಾರ್ಟರ್ ಎಂಬುದು ದಿಬ್ಬಣಕ್ಕೆ ಬಸ್ಸನ್ನು ಗೊತ್ತುಮಾಡಿದಂತೆ. ಪ್ರವಾಸ ಏರ್ಪಡಿಸುವವನು ಇಡೀ ವಿಮಾನವನ್ನು ಹಿಡಿದು ಜಾಗಗಳನ್ನು ಹಂಚುವನು. ದರವು ಹಗುರ, ಆದರೆ ಆ ವಿಮಾನ ತಡೆದರೆ ಅದೇ ಕಂಪೆನಿಯ ಮರುದಿನದ ವಿಮಾನವಿರುವುದೆಂಬ ಭರವಸೆಯಿಲ್ಲ. ಏರ್ಪಡಿಸಿದವನೇ ದಿವಾಳಿಯಾದರೆ ಗತಿಯೇನು? ಇಂಗ್ಲೆಂಡಿನ ಥಾಮಸ್ ಕುಕ್ 2019ರ ಸೆಪ್ಟೆಂಬರ್ 23ರಂದು ಮುಚ್ಚಿದಾಗ ಲಕ್ಷಕ್ಕೂ ಮಿಕ್ಕ ಜನ ಪರಸ್ಥಳಗಳಲ್ಲಿದ್ದರು. ಅಲ್ಲಿಯ ವಿಮಾನಯಾನದ ಅಧಿಕಾರಿಗಳು ಹಲವು ಕಂಪೆನಿಗಳ ವಿಮಾನಗಳನ್ನು ಬಾಡಿಗೆಗೆ ಹಿಡಿದು ಅವರನ್ನು ಮನೆಗೆ ತಲುಪಿಸಿದರು. ಪ್ರವಾಸ ಮಾರುವವರು ಮೊದಲೇ ಹಣ ತೆತ್ತು ಪಡೆಯಬೇಕಾದ ಏಟಾಲ್ ಎಂಬ ರಕ್ಷಣೆ ಅಲ್ಲಿದೆ. ಎಲ್ಲ ದೇಶಗಳಲ್ಲಿಯೂ ಅಂಥದು ಇರುವುದೆಂದು ನಂಬಿ ಹಣ ಕಟ್ಟಬಾರದು. ನಮ್ಮ ಹಣ ಯಾರ ಕೈಯಲ್ಲಿರುವುದು, ಪ್ರವಾಸ ನಿಂತರೆ ಯಾರು ಹಿಂದಿರುಗಿಸುವರು ಎಂಬುದನ್ನು ಬರೆಹದಲ್ಲಿ ಪಡೆಯುವುದು ಲೇಸು.

ಗೃಹಸ್ಥರು ಮಾಡಬೇಕಾದುದು ಹೆಚ್ಚಿಲ್ಲ. ಟಿಕೆಟಿನಲ್ಲಿ ವಿಮಾನ ಹಾರಿಸುವವರು ಯಾರೆಂದು ತಿಳಿಸುವ ಸಣ್ಣ ಸಾಲನ್ನು ಓದಬೇಕು. ಆ ಹೆಸರು ಯೂರೋಪಿನವರು ಪ್ರಕಟಿಸುವ ನಿಷೇಧದ ಪಟ್ಟಿಯಲ್ಲಿ ಇದೆಯೆ ಎಂದು ನೋಡಿಕೊಳ್ಳಬಹುದು. ಹೊರಡುವ ಹಿಂದಿನ ದಿನ ಮತ್ತೊಮ್ಮೆ ವಿಚಾರಿಸಬೇಕು. ವಿಮಾನ ಬದಲಾದರೆ ಆರಿಸಿಕೊಂಡ ಜಾಗವೂ ಹೇಳಿಟ್ಟ ಸಸ್ಯಾಹಾರವೂ ತಪ್ಪುವುದುಂಟು. ಕೈಚೀಲದಲ್ಲಿ ಎರಡು ತುತ್ತಿಗೆ ಬೇಕಾದುದನ್ನು ಇಟ್ಟುಕೊಂಡರೆ ನಷ್ಟವಿಲ್ಲ. ಚೀಟಿಗಳನ್ನೆಲ್ಲ ಕಾದಿಡಬೇಕು.

ಮನೆಯ ಹಿರಿಯರು ಒಬ್ಬರೇ ಹೊರಟಾಗಲಂತೂ “ವಿಮಾನದ ಬಣ್ಣ ಬೇರೆಯಾಗಿರಬಹುದು, ಹೆದರಬೇಡಿ, ಸಂಖ್ಯೆಯನ್ನು ನೋಡಿ ಹತ್ತಿ” ಎಂದು ದಪ್ಪ ಅಕ್ಷರಗಳಲ್ಲಿ ಬರೆದು ಅವರ ಕೈಗೆ ಕೊಡಬೇಕು. ಉಪ್ಪಿನಕಾಯಿಯ ಜಾಡಿಯನ್ನು ಕಟ್ಟಿಕೊಡಲು ಮರೆಯದ ನಾವು ಈ ಒಂದು ಚೀಟಿಯನ್ನು ಮರೆಯುವುದು ತರವಲ್ಲ.